ಹಾಸ್ಟೆಲ್ ರೂಮಲ್ಲಿ ಬದುಕದೇನೂ ಒಳ್ಳೆ ಎಚ್.ಎಂ. ಆಗಬಹುದಾ?

ಪ್ರಶ್ನೆ: ಸರ್, ನಾನು ಸರ್ಕಾರಿ ಹೈಸ್ಕೂಲಲ್ಲಿ ಗಣಿತದ ಟೀಚರ್. ಪ್ರಮೋಷನ್ ಆಗಿ ಪಕ್ಕದ ತಾಲ್ಲೂಕಿನ ಹೈಸ್ಕೂಲಿಗೆ ಎಚ್.ಎಂ., ಅಂದ್ರೆ ಮುಖ್ಯಶಿಕ್ಷಕಿ ಆಗಿ ಹೋಗ್ತಿದೀನಿ. ತರಬೇತೀಲಿ ಒಬ್ರು ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರ ಉದಾಹರಣೆ ಕೊಟ್ಟು, ನಿಷ್ಠೆ ಅಂದ್ರೆ ಹೀಗಿರಬೇಕು ಅಂದ್ರು. ಅವರು ಮದುವೆ ಆಗಲಿಲ್ಲ, ಕಾಲೇಜ್ ಹಾಸ್ಟೆಲ್ ರೂಮಲ್ಲೇ ಜೀವನ ಕಳೆದ್ರು. ನನಗೆ ಇಬ್ಬರು ಮಕ್ಕಳು, ಹುಷಾರಿಲ್ಲದ ಅತ್ತೆ, ದಿನಾ ಬಸ್ಸಲ್ಲೇ ಹೋಗಿ ಬರಬೇಕು. ಕೇಳ್ತಾ ಕೇಳ್ತಾ ಇದು ನನ್ನಿಂದ ಆಗೋದಲ್ಲ ಅನ್ನಿಸಿಬಿಡ್ತು. ಅವರ ಜೀವನದಿಂದ ನನ್ನಂಥವಳು ತಗೊಳ್ಳೋದು ಏನಾದ್ರೂ ಇದೆಯಾ?

ಉತ್ತರ: ಇದೆ ಮೇಡಂ, ಬೇಕಾದಷ್ಟಿದೆ. ಆದ್ರೆ ತರಬೇತೀಲಿ ನಿಮಗೆ ಹೇಳಿದ್ದು ಆ ಜೀವನದ ಒಂದು ಭಾಗ ಮಾತ್ರ, ಅದೂ ನಿಮ್ಮ ಕೆಲಸಕ್ಕೆ ಅಷ್ಟಾಗಿ ಬಾರದ ಭಾಗ. ನಾನೂ ವರ್ಷಗಟ್ಟಲೆ ಮುಖ್ಯಶಿಕ್ಷಕರಿಗೆ ತರಬೇತಿ ಕೊಟ್ಟವನು, ನಮ್ಮಲ್ಲಿ ಇದೊಂದು ಅಭ್ಯಾಸ ಇದೆ, ದೊಡ್ಡವರ ತ್ಯಾಗ ಹೇಳ್ತೀವಿ, ಅವರು ದಿನಾ ಮಾಡಿದ ಕೆಲಸ ಹೇಳಲ್ಲ. ಖಾದಿ ಹಾಕ್ತಿದ್ರು, ಗಾಂಧಿ ಟೋಪಿ ಇತ್ತು, ಬ್ರಹ್ಮಚಾರಿ ಆಗಿದ್ರು, ಹಾಸ್ಟೆಲ್ ಊಟ ಮಾಡ್ತಿದ್ರು, ಇಷ್ಟು ಕೇಳಿದ್ಮೇಲೆ ಮನೆ ಮಠ ಇರೋ ಯಾರಿಗಾದ್ರೂ 'ಇದು ನಮ್ಮಂಥವರಿಗಲ್ಲ' ಅನ್ನಿಸಿದ್ರೆ ತಪ್ಪೇನಿದೆ? ಕೈಮುಗಿದು ಮನೆಗೆ ಹೋಗ್ತೀವಿ, ಮಾರನೇ ದಿನ ಸ್ಕೂಲಲ್ಲಿ ಏನೂ ಬದಲಾಗಿರಲ್ಲ. ಅದಕ್ಕೆ ನಾನು ಎಚ್ಚೆನ್, ಅಂದ್ರೆ ನರಸಿಂಹಯ್ಯನವರ ಕಥೆನ ಬೇರೆ ಕಡೆಯಿಂದ ಹೇಳ್ತೀನಿ, ಅವರು ಪ್ರಿನ್ಸಿಪಾಲ್ ಆದಲ್ಲಿಂದ ಅಲ್ಲ, ಅವರು ಓದು ನಿಲ್ಲಿಸಿದ ಜಾಗದಿಂದ.

1920ರ ಜೂನ್ 6ಕ್ಕೆ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ ಹುಟ್ಟಿದ್ದು, ಬಡ ಮನೆ, ಹಿಂದುಳಿದ ಸಮುದಾಯ. ಊರಲ್ಲಿ ಇದ್ದಷ್ಟು ಕ್ಲಾಸ್ ಮುಗಿಸಿದ್ರು, ಮುಂದೆ ಹೈಸ್ಕೂಲ್ ಇರಲಿಲ್ಲ, ಓದು ಅಲ್ಲಿಗೇ ನಿಂತುಹೋಯ್ತು. ಇದು ಬಹಳ ಮುಖ್ಯ ಮೇಡಂ, ಸ್ವಲ್ಪ ಇಲ್ಲಿ ನಿಂತು ನೋಡಿ. ಮುಂದೆ ಅಮೆರಿಕದಲ್ಲಿ ನ್ಯೂಕ್ಲಿಯರ್ ಫಿಸಿಕ್ಸಲ್ಲಿ ಪಿಎಚ್.ಡಿ. ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿ, 1984ರಲ್ಲಿ ಪದ್ಮಭೂಷಣ ಪಡೆದ ಮನುಷ್ಯ ಒಂದು ಕಾಲದಲ್ಲಿ ನಾವು ಇವತ್ತು ರಿಜಿಸ್ಟರಲ್ಲಿ 'ಶಾಲೆ ಬಿಟ್ಟ ಮಗು' ಅಂತ ಬರೀತೀವಲ್ಲ, ಅದೇ ಆಗಿದ್ರು. ಅವರನ್ನ ಎತ್ತಿದ್ದು ಯಾವ ಸ್ಕೀಮೂ ಅಲ್ಲ, ಎಂ.ಎಸ್. ನಾರಾಯಣರಾವ್ ಅನ್ನೋ ಮೇಷ್ಟ್ರು. ಹೊಸೂರಲ್ಲಿ ಪಾಠ ಮಾಡಿದ್ದವರು, ಆಮೇಲೆ ಬೆಂಗಳೂರು ಬಸವನಗುಡಿ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ರು, ಊರು ಬಿಟ್ಟ ಮೇಲೂ ಆ ಹುಡುಗನ್ನ ಮರೀಲಿಲ್ಲ. ಅವರ ಆಸರೆ ನಂಬಿಕೊಂಡು 1935ರಲ್ಲಿ ಹುಡುಗ ಬಸ್ಸಿಗೆ ಕಾಸಿಲ್ಲದೆ ನಡೆದೇ ಬೆಂಗಳೂರಿಗೆ ಬಂದ, ಎಂಬತ್ತು ಕಿಲೋಮೀಟರ್ ಮೇಲೆ. ನ್ಯಾಷನಲ್ ಹೈಸ್ಕೂಲಲ್ಲಿ ಸೀಟು ಸಿಕ್ತು, ಬಡ ವಿದ್ಯಾರ್ಥಿಗಳ ಹಾಸ್ಟೆಲಲ್ಲಿ ಇರೋಕೆ ಜಾಗ ಸಿಕ್ತು.

ನಡೆದು ಬಂದ ಕಥೆ ಎಲ್ಲರೂ ಹೇಳ್ತಾರೆ, ಹೇಳಲೂ ಬೇಕು. ಆದ್ರೆ ನಡೆದು ಬಂದವನಿಗೆ ಬಾಗಿಲು ತೆಗೆದವರು ಯಾರು ಅನ್ನೋದನ್ನ ಒಬ್ಬ ಎಚ್.ಎಂ. ಕೇಳ್ಕೋಬೇಕು. ಆ ಬಾಗಿಲು ಮುಚ್ಚಿದ್ರೆ ಎಂಬತ್ತಲ್ಲ ಇನ್ನೂರು ಕಿಲೋಮೀಟರ್ ನಡೆದ್ರೂ ಏನೂ ಆಗ್ತಿರಲಿಲ್ಲ.

ಮಾರನೇ ವರ್ಷ, 1936ರಲ್ಲಿ, ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ಇದ್ದು ಆಮೇಲೆ ಬೆಂಗಳೂರಿಗೆ ಬಂದಿದ್ರು, ನ್ಯಾಷನಲ್ ಹೈಸ್ಕೂಲಿಗೂ ಬಂದ್ರು. ಅವರ ಹಿಂದಿ ಮಾತನ್ನ ಅಲ್ಲಿ ಕನ್ನಡಕ್ಕೆ ಹೇಳಿದ್ದು ಇದೇ ಹುಡುಗ. ಈ ಸ್ಕೂಲು 1917ರಲ್ಲಿ ಆನಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣದ ಪ್ರಯತ್ನದಿಂದ ಶುರುವಾಗಿದ್ದು, ಬಸವನಗುಡಿಯ ಓದಿದ ಮನೆಗಳ ಮಕ್ಕಳು ತುಂಬಿದ್ದ ಸ್ಕೂಲು. ಅಂಥ ಕಡೆ ಹಳ್ಳಿಯಿಂದ ಬಂದು ವರ್ಷ ಆಗಿರೋ ಹದಿನಾರರ ಹುಡುಗ ಗಾಂಧಿ ಪಕ್ಕದಲ್ಲಿ ನಿಂತು ಮಾತಾಡ್ತಾನೆ ಅಂದ್ರೆ ಯಾರೋ 'ನೀನು ಮಾಡ್ತೀಯಪ್ಪ, ಹೋಗು' ಅಂತ ಬಿಟ್ಟುಕೊಟ್ಟಿರಬೇಕಲ್ವಾ. ನಮ್ಮ ಸ್ಕೂಲುಗಳಲ್ಲಿ ಬಿ.ಇ.ಓ. (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬ್ರು ಬಂದಾಗ ಸ್ವಾಗತ ಭಾಷಣಕ್ಕೆ ಯಾರನ್ನ ನಿಲ್ಲಿಸ್ತೀವಿ ಯೋಚನೆ ಮಾಡಿ, ಪ್ರತಿ ಸಲ ಅದೇ ಮೂರು ಮಕ್ಕಳು. ಇದಕ್ಕೆ ಒಂದು ಪೈಸೆ ಅನುದಾನ ಬೇಡ, ನೀವು ಮೊದಲನೇ ತಿಂಗಳಲ್ಲೇ ಬದಲಾಯಿಸಬಹುದು.

ಮುಂದಿನದು ಬೇಗ ಹೇಳಿಬಿಡ್ತೀನಿ. ಸೆಂಟ್ರಲ್ ಕಾಲೇಜಲ್ಲಿ ಫಿಸಿಕ್ಸ್ ಓದ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಹೋಗಿ ಜೈಲು ಸೇರಿದ್ರು, ಓದು ಮತ್ತೆ ನಿಂತಿತು, ವಾಪಸ್ ಬಂದು ಮುಗಿಸಿದ್ರು. 1946ರಲ್ಲಿ ಬಸವನಗುಡಿ ನ್ಯಾಷನಲ್ ಕಾಲೇಜಿಗೆ ಫಿಸಿಕ್ಸ್ ಮೇಷ್ಟ್ರಾಗಿ ಸೇರಿದ್ರು, ಕಾಲೇಜು ಶುರುವಾಗಿ ಆಗ ಒಂದೇ ವರ್ಷ. ನಡುವೆ ಓಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಹೋಗಿ 1960ರಲ್ಲಿ ಡಾಕ್ಟರೇಟ್ ತಗೊಂಡ್ರು. ಆ ಕಾಲದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಡಾಕ್ಟರೇಟ್ ಇಟ್ಟುಕೊಂಡವರು ಅಲ್ಲೇ ಉಳಿಯೋದು ಕಷ್ಟ ಇರಲಿಲ್ಲ, ಇವರು ವಾಪಸ್ ಅದೇ ಬಸವನಗುಡಿಗೆ ಬಂದು 1961ರಲ್ಲಿ ಪ್ರಿನ್ಸಿಪಾಲ್ ಆದ್ರು, ಹತ್ತಿರ ಹತ್ತಿರ ಹನ್ನೊಂದು ವರ್ಷ. ಆಮೇಲೆ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಅದಾದ ಮೇಲೆ ಮತ್ತೆ ನ್ಯಾಷನಲ್ ಸಂಸ್ಥೆಗೇ, 2005ರ ಜನವರಿ 31ಕ್ಕೆ ತೀರಿಕೊಳ್ಳೋವರೆಗೂ.

ಈಗ ಹಾಸ್ಟೆಲ್ ರೂಮಿನ ವಿಷಯಕ್ಕೆ ಬರೋಣ, ನಿಮ್ಮ ಎದೆ ಧಸಕ್ ಅಂದಿದ್ದು ಅಲ್ಲೇ ತಾನೆ. ಹಾಸ್ಟೆಲಲ್ಲಿ ಇದ್ದಿದ್ದಕ್ಕೆ ಅವರು ದೊಡ್ಡವರಾದ್ರು ಅಂತ ನಾನು ಒಪ್ಪಲ್ಲ. ಹಾಸ್ಟೆಲಲ್ಲಿ ಇದ್ದು ಉದಾಸೀನವಾಗಿರೋ ವಾರ್ಡನ್‌ಗಳನ್ನ ನಾವೆಲ್ಲ ನೋಡಿದೀವಿ. ಅಲ್ಲಿ ಇದ್ದಿದ್ರಿಂದ ಅವರಿಗೆ ಏನು ಸಿಕ್ತು ಅದನ್ನ ನೋಡಿ. ಊಟಕ್ಕೆ ಬರದ ಹುಡುಗ ಯಾರು, ಫೀಸ್ ಕಟ್ಟೋಕೆ ಆಗದೆ ಮುಖ ತಪ್ಪಿಸ್ಕೊಂಡು ಓಡಾಡ್ತಿರೋನು ಯಾರು, ಊರಿಂದ ಕೆಟ್ಟ ಸುದ್ದಿ ಬಂದಿರೋದು ಯಾರಿಗೆ, ಇದು ಮಕ್ಕಳ ಜೊತೆ ಕೂತು ಉಣ್ಣೋ ಮನುಷ್ಯನಿಗೆ ತಾನಾಗೇ ಗೊತ್ತಾಗುತ್ತೆ. ಆಫೀಸಲ್ಲಿ ಕೂತೋನಿಗೆ ಅಟೆಂಡೆನ್ಸ್ ಬಿದ್ದ ಮೇಲೆ ಗೊತ್ತಾಗುತ್ತೆ, ಅಷ್ಟರಲ್ಲಿ ಹುಡುಗ ಹೋಟೆಲಲ್ಲಿ ಲೋಟ ತೊಳೀತಿರ್ತಾನೆ. ಅಂದ್ರೆ ಬೇಕಾಗಿರೋದು ಹಾಸ್ಟೆಲ್ ರೂಮ್ ಅಲ್ಲ, ಆ ಸುದ್ದಿ ನಿಮಗೆ ಸಮಯಕ್ಕೆ ಮುಟ್ಟೋ ದಾರಿ. ಅದಕ್ಕೆ ನಿಮ್ಮ ಹತ್ರ ಬೇರೆ ದಾರಿಗಳಿವೆ, ನಮ್ಮ ಹೈಸ್ಕೂಲಲ್ಲಿ ಹತ್ತನೇ ಕ್ಲಾಸಿನ ತನಕ ಬಿಸಿಯೂಟ ಇದೆ, ದಿನಾ ಆ ಸಾಲಲ್ಲಿ ಕೂತು ಊಟ ಮಾಡಿ. ಸ್ಟಾಫ್ ರೂಮಿಗೆ ತಟ್ಟೆ ತರಿಸ್ಕೊಂಡು ರುಚಿ ನೋಡಿ ರಿಜಿಸ್ಟರಲ್ಲಿ ಸೈನ್ ಹಾಕೋದು ಬೇರೆ, ಮಕ್ಕಳ ಪಕ್ಕ ನೆಲದ ಮೇಲೆ ಕೂರೋದೇ ಬೇರೆ. ಅಡುಗೆ ಅಮ್ಮನ್ನ ಮಾತಾಡಿಸಿ, ಯಾವ ಮಗು ಎರಡು ಸಲ ಹಾಕಿಸ್ಕೊಳುತ್ತೆ, ಯಾವುದು ಸೋಮವಾರ ಹಸಿದುಕೊಂಡು ಬರುತ್ತೆ ಅಂತ ಆಯಮ್ಮನಿಗೆ ಗೊತ್ತಿರೋಷ್ಟು ಯಾವ ಸ್ಟಾಫ್ ಮೀಟಿಂಗಲ್ಲೂ ಗೊತ್ತಾಗಲ್ಲ.

ಮನೆ ಮಕ್ಕಳು ಅಡ್ಡಿ ಅನ್ನೋ ಮಾತಿಗೆ ಇನ್ನೊಬ್ಬರ ಉದಾಹರಣೆ ಕೊಡ್ತೀನಿ, ಗುಜರಾತಿನವರು, ಗಿಜುಭಾಯಿ ಬಧೇಕಾ ಅಂತ. 1885ರಲ್ಲಿ ಹುಟ್ಟಿದವರು, ವಕೀಲರು, ಸ್ಕೂಲಿಗೂ ಅವರಿಗೂ ಸಂಬಂಧವೇ ಇರಲಿಲ್ಲ. 1913ರಲ್ಲಿ ಮಗ ಹುಟ್ಟಿದ, ಇವನನ್ನ ಹೊಡೆದು ಬಡಿದು ಪಾಠ ಹೇಳೋ ಸ್ಕೂಲಿಗೆ ಹಾಕೋದು ಹೇಗಪ್ಪಾ ಅನ್ನೋ ಚಿಂತೆ ಹತ್ತಿಕೊಂಡು ಮಕ್ಕಳ ಶಿಕ್ಷಣದ ಬಗ್ಗೆ ಓದೋಕೆ ಶುರು ಮಾಡಿದ್ರು, ಮಾಂಟೆಸ್ಸರಿ ವಿಚಾರ ಸಿಕ್ತು, 1916ರಲ್ಲಿ ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದ್ರು, 1920ರಲ್ಲಿ ಅಲ್ಲಿ ಬಾಲಮಂದಿರ ಶುರುವಾಯ್ತು. ಹೊಡೆತ ಇಲ್ಲ, ಹೆದರಿಕೆ ಇಲ್ಲ, ಕಥೆ ಹಾಡು ಆಟದಲ್ಲೇ ಕಲಿಕೆ. ಜನ ಅವರನ್ನ ಮೀಸೆ ಇರೋ ಅಮ್ಮ ಅಂತಲೇ ಪ್ರೀತಿಯಿಂದ ಕರೀತಿದ್ರು. 1939ರಲ್ಲಿ ತೀರಿಕೊಂಡ್ರು, ಕೈಗೆ ಸಿಕ್ಕಿದ್ದು ಇಪ್ಪತ್ತು ಚಿಲ್ಲರೆ ವರ್ಷ ಅಷ್ಟೆ. ಇವರಿಗೆ ಮನೆ ಮಗುನೇ ಸ್ಕೂಲಿನ ದಾರಿ ತೋರಿಸ್ತು. ನಿಮಗೂ ಅಷ್ಟೆ, ಬೆಳಿಗ್ಗೆ ಎದ್ದು ಮಕ್ಕಳಿಗೆ ಡಬ್ಬಿ ಕಟ್ಟಿ ಅತ್ತೆಗೆ ಮಾತ್ರೆ ಕೊಟ್ಟು ಬಸ್ ಹಿಡಿಯೋರು ನೀವು, ಲೇಟಾಗಿ ಬಂದ ಹುಡುಗಿ ಮನೇಲಿ ನೀರು ಹಿಡಿದು ತಮ್ಮನ್ನ ರೆಡಿ ಮಾಡಿ ಬಂದಿದಾಳೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಚ್ಚೆನ್ ಅವರ ಪ್ರಿನ್ಸಿಪಾಲ್ ಅವಧಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಬುಧವಾರ. ಪ್ರಿನ್ಸಿಪಾಲ್ ಆದ ಮಾರನೇ ವರ್ಷ, 1962ರಲ್ಲಿ, ಬೆಂಗಳೂರು ಸೈನ್ಸ್ ಫೋರಂ ಅಂತ ಶುರು ಮಾಡಿದ್ರು. ಪ್ರತಿ ಬುಧವಾರ ಸಂಜೆ ಕಾಲೇಜಲ್ಲಿ ವಿಜ್ಞಾನದ ಒಂದು ಉಪನ್ಯಾಸ, ಯಾರು ಬೇಕಾದ್ರೂ ಬಂದು ಕೂರಬಹುದು, ದುಡ್ಡಿಲ್ಲ, ಪಾಸಿಲ್ಲ. ಜುಲೈ ತಿಂಗಳು ಬಂತು ಅಂದ್ರೆ ತಿಂಗಳಿಡೀ ವಿಜ್ಞಾನದ ಹಬ್ಬ. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಪಿಯುಸಿ ಹುಡುಗರ ಮುಂದೆ ಮಾತಾಡಿ ಅವರ ಪ್ರಶ್ನೆಗೆ ಉತ್ತರ ಕೊಡ್ತಿದ್ರು. ಅವರು ಪ್ರಿನ್ಸಿಪಾಲ್ ಹುದ್ದೆ ಬಿಟ್ರು, ಕುಲಪತಿ ಆದ್ರು, ತೀರಿಕೊಂಡ್ರು, ಬುಧವಾರ ಮಾತ್ರ ನಿಲ್ಲಲಿಲ್ಲ. ಒಂದು ಒಳ್ಳೆ ಕಾರ್ಯಕ್ರಮ ಮಾಡೋದು ಯಾರಿಗೂ ಕಷ್ಟ ಅಲ್ಲ ಮೇಡಂ, ನಮ್ಮ ಸ್ಕೂಲುಗಳಲ್ಲಿ ವಿಜ್ಞಾನ ಮೇಳ ಮೆಟ್ರಿಕ್ ಮೇಳ ಎಲ್ಲ ಜೋರಾಗೇ ಆಗುತ್ತೆ, ಫೋಟೋ ತೆಗೆದು ಗ್ರೂಪಿಗೆ ಹಾಕಿದ್ಮೇಲೆ ಮುಗೀತು. ಪ್ರತಿ ವಾರ ಅದೇ ದಿನ ಅದೇ ಹೊತ್ತಿಗೆ, ಹತ್ತು ಜನ ಬರಲಿ ನೂರು ಜನ ಬರಲಿ ನಡೆದೇ ನಡೆಯುತ್ತೆ ಅನ್ನೋ ಹಾಗೆ ಮಾಡೋದಿದೆಯಲ್ಲ, ಮುಖ್ಯಸ್ಥರಾದವರ ಕೆಲಸ ಅಂದ್ರೆ ನನಗೆ ಅದೇ. ಹೆಪ್ಪು ಹಾಕೋದು ಒಂದು ಚಮಚ, ಆದ್ರೆ ದಿನಾ ಹಾಕಬೇಕು, ಒಂದಿನ ಬಿಟ್ರೆ ನಾಳೆಗೆ ಮೊಸರಿಲ್ಲ.

ನಿಮ್ಮ ಹೈಸ್ಕೂಲಲ್ಲಿ ಅದು ಉಪನ್ಯಾಸ ಆಗಬೇಕಾಗಿಲ್ಲ. ಶನಿವಾರ ಬೆಳಗಿನ ಶಾಲೆ ಇರುತ್ತಲ್ಲ, ಅದರ ಕೊನೆ ಪೀರಿಯಡ್ ಪ್ರಶ್ನೆಗೆ ಅಂತ ಇಟ್ಟುಬಿಡಿ. ಮಕ್ಕಳು ವಾರವಿಡೀ ಚೀಟಿ ಬರೆದು ಡಬ್ಬಿಗೆ ಹಾಕಲಿ, ಹೆಸರು ಬೇಡ. ಒಬ್ಬ ಟೀಚರ್ ಇಲ್ಲಾ ಊರಿನ ಯಾರೋ ಒಬ್ಬರು, ಲೈನ್‌ಮ್ಯಾನ್, ನರ್ಸಮ್ಮ, ಪಶುವೈದ್ಯರು, ಬೋರ್‌ವೆಲ್ ಕೊರೆಯೋರು, ಬಂದು ಉತ್ತರ ಹೇಳಲಿ. ಗೊತ್ತಿಲ್ಲದಿದ್ರೆ ಮುಂದಿನ ವಾರ ಹುಡುಕಿಕೊಂಡು ಬರ್ತೀವಿ ಅನ್ನಲಿ, ಟೀಚರ್ ಬಾಯಲ್ಲಿ ಆ ಮಾತು ಮಕ್ಕಳು ಕೇಳಬೇಕು. ಪ್ರಶ್ನಿಸದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ ಅನ್ನೋದು ಎಚ್ಚೆನ್ ಜೀವನಪೂರ್ತಿ ಹೇಳಿದ್ದು. ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ವೈಜ್ಞಾನಿಕವಾಗಿ ಪರೀಕ್ಷೆ ಮಾಡೋಕೆ ಸಮಿತಿನೇ ಮಾಡಿ ಎಷ್ಟೊಂದು ವಿರೋಧ ಎದುರಿಸಿದ್ರು, ಆದ್ರೂ ಮಾತು ಬದಲಾಯಿಸಲಿಲ್ಲ. ನೀವು ಅಷ್ಟು ದೊಡ್ಡ ಹೋರಾಟಕ್ಕೆ ಇಳಿಯಬೇಕು ಅಂತಲ್ಲ. ಕ್ಲಾಸಲ್ಲಿ 'ಯಾಕೆ' ಅಂತ ಕೇಳಿದ ಮಗುಗೆ 'ಸುಮ್ನೆ ಕೂತ್ಕೋ, ಸಿಲಬಸ್ ಮುಗೀಬೇಕು' ಅನ್ನೋದು ನಿಮ್ಮ ಸ್ಕೂಲಲ್ಲಿ ಕಡಿಮೆ ಆದ್ರೂ ಅದು ಸಣ್ಣ ಕೆಲಸ ಅಲ್ಲ.

ಇನ್ನೊಂದು ವಿಷಯ, ಇದನ್ನ ಹೇಳದಿದ್ರೆ ಈ ಉತ್ತರ ಬರೆದೂ ಪ್ರಯೋಜನ ಇಲ್ಲ. ಎಚ್ಚೆನ್ ಮುಂದೆ ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿ ಬೆಂಗಳೂರಲ್ಲೇ ಕಟ್ಟಡ ಕಟ್ಟಿಕೊಂಡು ಕೂರಲಿಲ್ಲ, ತಮ್ಮ ಹೊಸೂರು, ಗೌರಿಬಿದನೂರು, ಬಾಗೇಪಲ್ಲಿ, ಈ ಬಯಲುಸೀಮೆ ಕಡೆಗೆ ಸಂಸ್ಥೆಯನ್ನ ತಗೊಂಡು ಹೋದ್ರು. ತಾನು ಓದು ನಿಲ್ಲಿಸಿದ ಊರಲ್ಲಿ ಇನ್ನೊಂದು ಮಗು ಅದೇ ಕಾರಣಕ್ಕೆ ನಿಲ್ಲಿಸಬಾರದು ಅಂತ. ಈಗ ಕಾಲ ಬದಲಾಗಿದೆ, ಹೈಸ್ಕೂಲ್ ಹತ್ರದಲ್ಲೇ ಇದೆ, ಸೈಕಲ್ಲೋ ಬಸ್ಸೋ ಇದೆ, ಆದ್ರೆ ಮಕ್ಕಳು ಬಿಟ್ಟುಹೋಗೋ ಆ ಸಂದು ಹಾಗೇ ಇದೆ. ಏಳನೇ ಕ್ಲಾಸ್ ಮುಗಿದು ಟಿ.ಸಿ. ತಗೊಂಡು ಎಂಟನೇ ಕ್ಲಾಸಿಗೆ ಇನ್ನೊಂದು ಸ್ಕೂಲಿಗೆ ಹೋಗಬೇಕು. ಆ ಬೇಸಿಗೆ ರಜೆಯಲ್ಲಿ ಕೆಲವು ಮಕ್ಕಳು ಯಾರ ಲೆಕ್ಕಕ್ಕೂ ಸಿಗದ ಹಾಗೆ ಕಳೆದುಹೋಗ್ತಾರೆ, ಪ್ರೈಮರಿಯವರು 'ನಾವು ಟಿ.ಸಿ. ಕೊಟ್ಟಾಯ್ತು' ಅಂತಾರೆ, ಹೈಸ್ಕೂಲಿನವರು 'ನಮ್ಮಲ್ಲಿ ಅಡ್ಮಿಷನ್ನೇ ಆಗಿಲ್ಲ' ಅಂತಾರೆ. ಎರಡೂ ನಿಜ, ಮಗು ಮಾತ್ರ ಎಲ್ಲೂ ಇಲ್ಲ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿರುತ್ತೆ, ಇಲ್ಲಾ ಗಾರ್ಮೆಂಟ್ಸಿಗೆ ಹೋಗೋ ಅಕ್ಕನ ಮಗು ನೋಡ್ಕೊಳ್ತಿರುತ್ತೆ. ಇನ್ನೊಂದು ಸಂದು ಎಂಟರಿಂದ ಒಂಬತ್ತಕ್ಕೆ, ಯಾಕಂದ್ರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಇರೋದು 6ರಿಂದ 14 ವರ್ಷದವರಿಗೆ, ಎಂಟನೇ ಕ್ಲಾಸಿನ ತನಕ. ಅಲ್ಲಿಂದ ಮುಂದೆ ಮಗುನ ಕೈ ಹಿಡಿದು ತಡೆಯೋದು ಕಾನೂನಲ್ಲ, ನೀವು.

ಅದಕ್ಕೆ ಜೂನಲ್ಲಿ ಎಲ್ಲಕ್ಕೂ ಮುಂಚೆ ಇದೊಂದು ಮಾಡಿ. ಸುತ್ತಲಿನ ಹಿರಿಯ ಪ್ರಾಥಮಿಕ ಶಾಲೆಗಳಿಂದ ಏಳನೇ ಕ್ಲಾಸ್ ಮುಗಿಸಿದ ಮಕ್ಕಳ ಪಟ್ಟಿ ತರಿಸಿ, ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ರ ಕೇಳಿದ್ರೆ ಕೊಡ್ತಾರೆ. ನಿಮ್ಮ ಎಂಟನೇ ಕ್ಲಾಸ್ ಅಡ್ಮಿಷನ್ ಪಕ್ಕದಲ್ಲಿಟ್ಟು ಒಂದೊಂದೇ ಹೆಸರು ಹೊಡೀತಾ ಹೋಗಿ. ಉಳಿದ ಹೆಸರುಗಳನ್ನ ಮಕ್ಕಳ ದಾಖಲೆ ಇರೋ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಎಸ್.ಎ.ಟಿ.ಎಸ್.ನಲ್ಲಿ ನೋಡಿದ್ರೆ ಬೇರೆ ಸ್ಕೂಲಿಗೆ ಸೇರಿದ್ರೆ ಗೊತ್ತಾಗುತ್ತೆ. ಅಲ್ಲೂ ಇಲ್ಲದವರು ಬೆರಳೆಣಿಕೆ ಜನ ಉಳೀತಾರೆ, ಅವರ ಮನೆಗೆ ಹೋಗಬೇಕು. ಒಬ್ಬರೇ ಬೇಡ, ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನೋ ಅಂಗನವಾಡಿ ಟೀಚರನ್ನೋ ಕರ್ಕೊಂಡು ಹೋಗಿ, ಊರಿನವರ ಮುಖ ಜೊತೆಗಿದ್ರೆ ಮಾತು ಸಲೀಸು. 'ಯಾಕೆ ಕಳಿಸಿಲ್ಲ' ಅಂತ ಶುರು ಮಾಡಬೇಡಿ, 'ನಮ್ಮ ಪಟ್ಟಿಯಲ್ಲಿ ಇವಳ ಹೆಸರಿದೆ, ಬರಲಿಲ್ಲ ಅಂತ ನೋಡೋಕೆ ಬಂದ್ವಿ' ಅನ್ನಿ. ನಾರಾಯಣರಾವ್ ಮಾಡಿದ್ದೂ ಇಷ್ಟೇ ಅಲ್ವಾ, ಒಂದು ಹೆಸರನ್ನ ಮರೀದೆ ಇದ್ದಿದ್ದು.

ದೂರ ಅಂತ ಬಿಟ್ಟ ಮಗುಗೆ ಹಾಸ್ಟೆಲ್ ನೋಡಬೇಕು. ಬಿ.ಸಿ.ಎಂ. (ಹಿಂದುಳಿದ ವರ್ಗಗಳ) ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್, ಎರಡರ ವಾರ್ಡನ್ ನಂಬರೂ ನಿಮ್ಮ ಫೋನಲ್ಲಿರಲಿ, ಅರ್ಜಿ ಯಾವಾಗ ಕರೀತಾರೆ ಅಂತ ಅವರಿಂದಲೇ ತಿಳ್ಕೊಂಡು ಅಪ್ಪ ಅಮ್ಮನ ಜಾತಿ ಆದಾಯ ಸರ್ಟಿಫಿಕೇಟ್ ಮೊದಲೇ ಮಾಡಿಸಿಡಿ, ಎಷ್ಟೋ ಸಲ ಸೀಟು ಇದ್ದೂ ತಪ್ಪೋದು ಆ ಒಂದು ಕಾಗದಕ್ಕೆ. ಓದೋ ಮಕ್ಕಳಿಗೆ ಎಂಟನೇ ಕ್ಲಾಸಲ್ಲೇ ಎನ್.ಎಂ.ಎಂ.ಎಸ್. ಅನ್ನೋ ಕೇಂದ್ರದ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಆಯ್ಕೆ ಆದ್ರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನ ತನಕ ವರ್ಷಕ್ಕೆ 12,000 ರೂಪಾಯಿ. ಬಡವರ ಮನೇಲಿ ಹುಡುಗಿ ಓದು ಬಿಡಿಸೋ ಮಾತು ಬಂದಾಗ ಆ 12,000 ಎಷ್ಟು ಗಟ್ಟಿ ವಾದ ಆಗುತ್ತೆ ಅಂತ ನೀವೇ ನೋಡ್ತೀರಿ. ನೀವು ಗಣಿತದವರು ಬೇರೆ, ಆ ಪರೀಕ್ಷೆಯ ಮಾನಸಿಕ ಸಾಮರ್ಥ್ಯದ ಪೇಪರಿಗೆ ನೀವೇ ವಾರಕ್ಕೆರಡು ಕ್ಲಾಸ್ ತಗೊಳ್ಳಿ. ಎಚ್.ಎಂ. ಆದ್ಮೇಲೆ ಪಾಠ ಬಿಡಬೇಡಿ ದಯವಿಟ್ಟು, ಬೋರ್ಡ್ ಮುಂದೆ ನಿಂತಿರೋವರೆಗೂ ನಿಮಗೆ ಮಕ್ಕಳ ಮುಖ ಗೊತ್ತಿರುತ್ತೆ, ನಿಮ್ಮ ಟೀಚರುಗಳ ಕಷ್ಟಾನೂ ಗೊತ್ತಿರುತ್ತೆ.

ಬಸ್ಸಿನ ವಿಷಯ ಕೇಳಿದ್ರಿ. ನೀವು ಸಂಜೆ ಏಳರ ತನಕ ಸ್ಕೂಲಲ್ಲಿ ಇರಬೇಕು ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡಿ. ಮೊದಲನೇ ಬೆಲ್ಲಿಗೆ ಮುಂಚೆ ಗೇಟ್ ಹತ್ರ ಇರೋ ಬಸ್ ಹಿಡೀರಿ, ಅದೊಂದು ಸಾಕು. ಪ್ರಾರ್ಥನೆ ಹೊತ್ತಿಗೆ ಎಚ್.ಎಂ. ನಿಂತಿರೋ ಸ್ಕೂಲಲ್ಲಿ ಟೀಚರುಗಳು ಹೇಳಿಸಿಕೊಳ್ಳದೇನೆ ಟೈಮಿಗೆ ಬರ್ತಾರೆ. ಸಂಜೆ ಸ್ಪೆಷಲ್ ಕ್ಲಾಸ್ ಇದ್ರೆ ಊರಲ್ಲೇ ಇರೋ ಟೀಚರಿಗೆ ವಹಿಸಿ, ಆ ಟೀಚರ್ ಹೆಸರು ಎಲ್ಲರ ಮುಂದೆ ಹೇಳಿ. ವರದಿಗಳ ಕಾಟ ಇದ್ದೇ ಇರುತ್ತೆ, ಗ್ರೂಪಲ್ಲಿ 'ಇಂದು ಸಂಜೆಯೊಳಗೆ' ಅಂತ ಬರೋದು ನಿಲ್ಲಲ್ಲ, ಅದಕ್ಕೆ ಮಧ್ಯಾಹ್ನದ ಮೇಲೆ ಒಂದು ಗಂಟೆ ಕೊಡಿ, ಬೆಳಗಿನ ಹೊತ್ತು ಕೊಡಬೇಡಿ.

ಆಮೇಲೆ ಚಾರ್ಜ್ ತಗೊಳ್ಳೋ ದಿನದ ಬಗ್ಗೆ. ಹೂವಿನ ಹಾರ ಫೋಟೋ ಎಲ್ಲ ಆದ್ಮೇಲೆ ಗಡಿಬಿಡೀಲಿ ಚಾರ್ಜ್ ಲಿಸ್ಟಿಗೆ ಸೈನ್ ಹಾಕಬೇಡಿ. ಕ್ಯಾಶ್‌ಬುಕ್ ಬ್ಯಾಲೆನ್ಸ್ ಪಾಸ್‌ಬುಕ್ಕಿಗೆ ತಾಳೆ ಆಗುತ್ತಾ ನೋಡಿ, ಎಸ್.ಡಿ.ಎಂ.ಸಿ. ಮತ್ತೆ ಬಿಸಿಯೂಟದ ಖಾತೆ ಬೇರೆ ಬೇರೆ ನೋಡಿ, ಅಕ್ಕಿ ಬೇಳೆ ಎಣ್ಣೆ ಕಣ್ಣಾರೆ ಕಂಡು ಸ್ಟಾಕ್ ರಿಜಿಸ್ಟರ್ ಜೊತೆ ಹೊಂದಿಸಿ, ಲ್ಯಾಬ್ ಸಾಮಾನು ಕಂಪ್ಯೂಟರ್ ಎಣಿಸಿ. ಅಡ್ಮಿಷನ್ ರಿಜಿಸ್ಟರಲ್ಲಿ ತಿದ್ದಿದ ಜನ್ಮದಿನಾಂಕ ಇದ್ರೆ ಅದರ ಆದೇಶದ ಪ್ರತಿ ಇದೆಯಾ ಕೇಳಿ. ಏನಾದ್ರೂ ಕಡಿಮೆ ಬಂದ್ರೆ ಜಗಳ ಬೇಡ, ಹಾಗೇ ಲಿಸ್ಟಲ್ಲಿ ಬರೆದು ಹಳೇ ಎಚ್.ಎಂ., ನೀವು ಇಬ್ಬರೂ ಸೈನ್ ಹಾಕಿ, ಒಂದು ಪ್ರತಿ ಬಿ.ಇ.ಓ. ಆಫೀಸಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಎರಡು ದಿನ ಹಿಡಿದ್ರೂ ಪರವಾಗಿಲ್ಲ, ಇದನ್ನ ಮುಗಿಸಿಕೊಂಡ್ರೆ ಆಮೇಲೆ ನೀವು ನಿಶ್ಚಿಂತೆಯಿಂದ ಆ ಏಳನೇ ಕ್ಲಾಸಿನ ಪಟ್ಟಿ ಹಿಡ್ಕೊಂಡು ಊರೊಳಗೆ ಹೋಗಬಹುದು.